ಮನೆಯ ಮೋಟಾರ್ ಸೈಕಲಿಗೂ ಒಂದು ಲೆಕ್ಕದ ಪುಸ್ತಕ
(ಗ್ರಾಮಸೇವಕರ ಪಾಠ)



ಹಾಲು ಕೊಡುವ ಎಮ್ಮೆ ಯಾವಾಗ ಗಬ್ಬಾಯಿತು, ಯಾವಾಗ ಕರು ಹಾಕೀತು ಎಂಬದು ನಿಮಗೆ ಬಾಯಿಪಾಠ. ಅಡಿಕೆಗೆ ಮೊದಲನೆಯ ಸಲ ಮದ್ದು ಹೊಡೆದ ದಿನ, ಗದ್ದೆಗೆ ಗೊಬ್ಬರ ಹಾಕಿದ ದಿನ ನಿಮಗೆ ನೆನಪಿರುವದು. ಆದರೆ ಅಂಗಳದಲ್ಲಿ ನಿಂತಿರುವ ಮೋಟಾರ್ ಸೈಕಲಿನ ಎಣ್ಣೆ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಬರುವ ಉತ್ತರ ಒಂದೇ: "ಈಚೆಗೇ ಮಾಡಿಸಿದ ಹಾಗಿದೆ."

ಈ "ಹಾಗಿದೆ" ಎಂಬ ಮಾತನ್ನು ಹೋಗಲಾಡಿಸುವದೇ ಇಂದಿನ ಪಾಠದ ಉದ್ದೇಶ. ನಾನು ಓದಿದ್ದು ಕೃಷಿ. ಯಂತ್ರ ಬಿಚ್ಚುವದನ್ನು ಕಲಿಸುವದು ನನ್ನ ಕೆಲಸವಲ್ಲ. ಆದರೆ ಯಾವ ಕೆಲಸ ಯಾವಾಗ ಆಯಿತು, ಮುಂದೆ ಯಾವಾಗ ಆಗಬೇಕು ಎಂದು ಬರೆದಿಡುವದಕ್ಕೆ ಮೆಕ್ಯಾನಿಕನ ವಿದ್ಯೆ ಬೇಡ. ಒಂದು ನೂರು ಪುಟದ ನೋಟುಪುಸ್ತಕ, ಒಂದು ಪೆನ್ನು, ವಾರಕ್ಕೆ ಹತ್ತು ನಿಮಿಷ ಇದ್ದರೆ ಸಾಕು.

ಇಷ್ಟಕ್ಕೂ ಇದೇಕೆ ಬೇಕು?

ಮೊದಲನೆಯದು ಜೀವ. ಭಟ್ಕಳದ ಮಲ್ಲಿಗೆ ಬೆಳಗಿನ ಹೊತ್ತಿಗೆ ಪೇಟೆ ಸೇರಬೇಕು. ಕುಮಟೆಯ ರೈತ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರಬೇಕು. ಹೊನ್ನಾವರದವರು ಗೇರುಸೊಪ್ಪೆಯ ಮೇಲಿನಿಂದ ಸಾಗರದ ಕಡೆಗೆ ಹೋಗುವರು. ಹಿಂದೆ ಹೆಂಡತಿ, ನಡುವೆ ಮಗು, ಮುಂದೆ ಒಂದು ಚೀಲ. ಘಟ್ಟ ಇಳಿಯುವಾಗ ಈ ಭಾರವನ್ನೆಲ್ಲ ಹಿಡಿದು ನಿಲ್ಲಿಸುವದು ಬೆರಳು ದಪ್ಪದ ಎರಡು ಬ್ರೇಕ್ ಶೂಗಳು. ಅವು ಒಂದೇ ದಿನದಲ್ಲಿ ಸವೆಯುವದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸವೆಯುವವು. ಅದಕ್ಕೆ ತಕ್ಕಂತೆ ನಮ್ಮ ಕಾಲೂ ಸ್ವಲ್ಪ ಸ್ವಲ್ಪ ಹೆಚ್ಚಾಗಿ ಒತ್ತುವದನ್ನು ಕಲಿಯುವದು. ಆದ್ದರಿಂದಲೇ ಸವಾರನಿಗೆ ಅದು ಗೊತ್ತಾಗುವದಿಲ್ಲ. ಕಾಲು ಮರೆತದ್ದನ್ನು ಪುಸ್ತಕ ಮರೆಯುವದಿಲ್ಲ.

ಎರಡನೆಯದು ಹಣ. ಇದರ ಲೆಕ್ಕವನ್ನು ಮುಂದೆ ತೋರಿಸುವೆನು.

ಮೂರನೆಯದು ಮನೆಯ ಒಗ್ಗಟ್ಟು. ನಮ್ಮಲ್ಲಿ ಗಾಡಿ ಒಂದು, ಓಡಿಸುವವರು ಮೂವರು. ಅಣ್ಣ ಎಣ್ಣೆ ಹಾಕಿಸಿದನೆಂದು ತಮ್ಮ ತಿಳಿಯುವನು. ತಮ್ಮ ಹಾಕಿಸಿದನೆಂದು ಅಣ್ಣ ತಿಳಿಯುವನು. ಎಂಜಿನು ಕೈಕೊಟ್ಟ ದಿನ ಇಬ್ಬರಿಗೂ ಮಾತು ನಿಲ್ಲುವದು. ಬರೆದಿಟ್ಟ ಮನೆಯಲ್ಲಿ ಈ ಜಗಳಕ್ಕೆ ಎಡೆಯಿಲ್ಲ.

ಮೂರು ಗಡಿಯಾರಗಳು

ಮೋಟಾರ್ ಸೈಕಲಿನ ಆರೈಕೆಯ ಸಮಯವನ್ನು ಮೂರು ಗಡಿಯಾರಗಳು ತಿಳಿಸುವವು.

ಮೊದಲನೆಯದು ಕಿಲೋಮೀಟರು. ಗಾಡಿಯ ಮೀಟರಿನಲ್ಲಿ ಇದು ತಾನಾಗಿಯೇ ಬರೆದಿರುವದು.

ಎರಡನೆಯದು ತಿಂಗಳು. ಗಾಡಿಯ ಕೈಪಿಡಿಯನ್ನು ತೆರೆದು ನೋಡಿರಿ. "ಇಷ್ಟು ಕಿಲೋಮೀಟರು ಅಥವಾ ಇಷ್ಟು ದಿನ, ಯಾವದು ಮೊದಲೋ ಅದು" ಎಂಬ ಮಾತು ಅಲ್ಲಿರುವದು. ಹೊಸ ಗಾಡಿಯ ಉಚಿತ ಸರ್ವೀಸಿಗೂ ಇದೇ ನಿಯಮ. "ನನ್ನ ಗಾಡಿ ಓಡಿದ್ದೇ ಕಡಿಮೆ" ಎಂದು ದಿನ ಮೀರಿಸಿದವರು ಉಚಿತ ಸರ್ವೀಸನ್ನೂ ಕಳೆದುಕೊಳ್ಳುವರು, ಗ್ಯಾರಂಟಿಯ ವಿಷಯದಲ್ಲಿ ತಕರಾರಿಗೂ ಸಿಲುಕುವರು. ನಿಂತ ಗಾಡಿಯ ಎಣ್ಣೆಯೂ ಹಳೆಯದಾಗುವದು, ಬ್ಯಾಟರಿಯೂ ಇಳಿಯುವದು.

ಮೂರನೆಯ ಗಡಿಯಾರ ಕೈಪಿಡಿಯಲ್ಲಿ ಇಲ್ಲ. ಅದು ನಮ್ಮ ಕರಾವಳಿಯದೇ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವದು; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಉಳಿದ ತಿಂಗಳು ಸಮುದ್ರದ ಉಪ್ಪುಗಾಳಿ. ಅಘನಾಶಿನಿಯ ಗಜನಿ ಬದುಗಳ ಮೇಲೆ, ಸಾಣಿಕಟ್ಟೆಯ ಉಪ್ಪಿನಾಗರಗಳ ಬಳಿ, ಕಾಸರಕೋಡು, ಮುರ್ಡೇಶ್ವರಗಳ ಕಡಲಂಚಿನಲ್ಲಿ ಓಡಾಡುವ ಗಾಡಿಯ ಚೈನು ಬಯಲುಸೀಮೆಯ ಗಾಡಿಯ ಚೈನಿಗಿಂತ ಬೇಗ ತುಕ್ಕು ಹಿಡಿಯುವದು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಅವಧಿಯನ್ನು ಎಂದೂ ದಾಟಗೊಡಬಾರದು. ಮಳೆಗಾಲದಲ್ಲಿ ಅದಕ್ಕೂ ಮೊದಲೇ ಮಾಡಿಕೊಳ್ಳುವದು ಲೇಸು.

ಹಳೆಯ ರೂಢಿ, ಹೊಸ ಯಂತ್ರ

ನಮ್ಮ ಹಿರಿಯರಲ್ಲಿ ಕೆಲವರು ಜಾವಾ, ಯೆಜ್ಡಿ ಗಾಡಿಗಳನ್ನು ಓಡಿಸಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳು ತಯಾರಾಗತೊಡಗಿದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅವುಗಳದು ಎರಡು ಹೊಡೆತದ ಎಂಜಿನು. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕುತ್ತಿದ್ದರು. ಪೆಟ್ರೋಲಿನ ಜೊತೆ ಹೊಸ ಎಣ್ಣೆ ಒಳಗೆ ಹೋಗಿ ಉರಿದುಹೋಗುತ್ತಿತ್ತು. ಗೇರಿನ ಎಣ್ಣೆ ಮಾತ್ರ ಬೇರೆ.

ಇಂದಿನ ಗಾಡಿಗಳದು ನಾಲ್ಕು ಹೊಡೆತದ ಎಂಜಿನು. ಸಾಮಾನ್ಯ ಗಾಡಿಯೊಂದರಲ್ಲಿ ಸುಮಾರು ಒಂದು ಲೀಟರಿನಷ್ಟು ಎಣ್ಣೆ ಇರುವದು. ಎಂಜಿನು, ಕ್ಲಚ್ಚು, ಗೇರು ಮೂರಕ್ಕೂ ಅದೇ ಎಣ್ಣೆ. ಅದೇ ಎಣ್ಣೆ ಸಾವಿರಾರು ಕಿಲೋಮೀಟರು ಸುತ್ತುತ್ತ ಕಪ್ಪಾಗುವದು, ತೆಳ್ಳಗಾಗುವದು, ಸ್ವಲ್ಪ ಕಡಿಮೆಯೂ ಆಗುವದು. ಹಳೆಯ ಎಂಜಿನಿನಲ್ಲಿ ಇದು ಬೇಗ ಇಳಿಯುವದು. ಆದ್ದರಿಂದ ಬದಲಿಸುವ ದಿನದವರೆಗೆ ಸುಮ್ಮನಿರದೆ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಎಂಜಿನು ನಿಲ್ಲಿಸಿದ ಕೆಲವು ನಿಮಿಷಗಳ ಮೇಲೆ ಅಳತೆಕಡ್ಡಿಯನ್ನು ಅಥವಾ ಗಾಜಿನ ಕಿಂಡಿಯನ್ನು ನೋಡಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ಉಳಿದಿದೆಯೆಂದು ಕಾರಿನ ಎಣ್ಣೆಯನ್ನು ಮೋಟಾರ್ ಸೈಕಲಿಗೆ ಹೊಯ್ಯಬೇಡಿರಿ. ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವದರಿಂದ ಅದು ಜಾರತೊಡಗಬಹುದು. ಡಬ್ಬಿಯ ಮೇಲೆ "ಜಾಸೋ ಎಂಎ" ಅಥವಾ "ಎಂಎ2" ಎಂಬ ಗುರುತಿರುವ, ಕೈಪಿಡಿಯಲ್ಲಿ ಹೇಳಿದ ದಪ್ಪದ ಎಣ್ಣೆಯನ್ನೇ ಕೊಳ್ಳಬೇಕು. ಯಾವ ಎಣ್ಣೆ ಎಂಬದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿರಿ. ಸ್ಕೂಟರುಗಳ ಎಣ್ಣೆ ಬೇರೆಯಿರುವದುಂಟು. ಅವುಗಳ ಕೈಪಿಡಿಯನ್ನು ಬೇರೆಯಾಗಿಯೇ ನೋಡಬೇಕು.

ಪುಸ್ತಕ ಬರೆಯುವ ಬಗೆ

ಮೊದಲ ಪುಟ: ಗಾಡಿಯ ನಂಬರು, ಚಾಸಿ ನಂಬರು, ಎಂಜಿನ್ ನಂಬರು, ಕೊಂಡ ದಿನ, ಎಣ್ಣೆಯ ಜಾತಿ ಮತ್ತು ಪ್ರಮಾಣ, ಟಯರುಗಳ ಅಳತೆ, ಹಾಕಬೇಕಾದ ಗಾಳಿ (ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು), ಸ್ಪಾರ್ಕ್ ಪ್ಲಗ್ಗಿನ ನಮೂನೆ, ಬ್ಯಾಟರಿ ಕೊಂಡ ತಿಂಗಳು.

ಎರಡನೆಯ ಪುಟ: ಕಾಗದಪತ್ರಗಳ ದಿನಾಂಕಗಳು. ಇದರ ಮಾತು ಮುಂದೆ ಬರುವದು.

ಮೂರನೆಯ ಪುಟದಿಂದ ಏಳು ಕಲಮುಗಳನ್ನು ಗೆರೆ ಎಳೆದು ಮಾಡಿರಿ: ದಿನಾಂಕ, ಮೀಟರು, ಮಾಡಿದ ಕೆಲಸ, ಹಾಕಿದ ವಸ್ತು, ಖರ್ಚು, ಮಾಡಿದವರು, ಮುಂದೆ ಯಾವಾಗ. ಉದಾಹರಣೆಗಾಗಿ ಮೂರು ಸಾಲುಗಳನ್ನು ಕೊಡುವೆನು:

ಮೇ 18. 24,310. ಎಂಜಿನ್ ಎಣ್ಣೆ ಬದಲು. ಮುಂದೆ: 27,310 ಅಥವಾ ಸೆಪ್ಟೆಂಬರ್ 18.
ಜುಲೈ 6. 25,640. ಚೈನು ತೊಳೆದು, ಬಿಗಿ ನೋಡಿ, ಎಣ್ಣೆ ಕೊಟ್ಟದ್ದು. ಮುಂದೆ: 26,140.
ಆಗಸ್ಟ್ 24. 26,950. ಹಿಂದಿನ ಬ್ರೇಕ್ ಶೂ ಹೊಸದು. ಮುಂದೆ ತಪಾಸಣೆ: 29,950.

ಈ ಗಾಡಿಯ ಕೈಪಿಡಿಯಲ್ಲಿ 3000 ಕಿಲೋಮೀಟರಿಗೆ ಅಥವಾ ನಾಲ್ಕು ತಿಂಗಳಿಗೆ ಎಣ್ಣೆ ಬದಲು ಎಂದು ಹೇಳಿದೆಯೆಂದು ಹಿಡಿಯೋಣ. ನಿಮ್ಮದರಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಿರಿ. ಈಗ ಕೊನೆಯ ಸಾಲನ್ನು ನೋಡಿರಿ. ಆಗಸ್ಟ್ 24ಕ್ಕೆ ಮೀಟರು 26,950. ಎಣ್ಣೆಗೆ ಉಳಿದದ್ದು 360 ಕಿಲೋಮೀಟರು. ತಿಂಗಳಿಗೆ 800 ಕಿಲೋಮೀಟರು ಓಡುವ ಗಾಡಿ ಇದನ್ನು ಎರಡು ವಾರದಲ್ಲಿ ಮುಗಿಸುವದು. ಅಂದರೆ ಸೆಪ್ಟೆಂಬರ್ 18ರ ದಾರಿ ಕಾಯಬಾರದು. ಸೆಪ್ಟೆಂಬರ್ 7ರ ಸುಮಾರಿಗೇ ಎಣ್ಣೆ ಬದಲಿಸಬೇಕು. ಏಳನೆಯ ಕಲಮನ್ನು ತುಂಬದೆ ಬಿಟ್ಟರೆ ಆ ಪುಸ್ತಕ ಬರೀ ಹಳೆಯ ಖರ್ಚಿನ ಪಟ್ಟಿಯಾಗುವದು. ಬರೆಯುವ ಕೆಲಸದ ಜೀವ ಇರುವದೇ ಆ ಕಲಮಿನಲ್ಲಿ.

ಖರ್ಚಿನ ಚೀಟಿಗಳನ್ನು ಪುಸ್ತಕದ ಹಿಂದಿನ ಹೊದಿಕೆಗೆ ಅಂಟಿಸಿದ ಲಕೋಟೆಯಲ್ಲಿ ಹಾಕಿರಿ. ಈಗಿನ ಕೆಲವು ಚೀಟಿಗಳ ಅಕ್ಷರ ವರ್ಷದೊಳಗೆ ಮಾಸಿಹೋಗುವದು. ಆದ್ದರಿಂದ ಅವುಗಳ ಮೊತ್ತವನ್ನು ಅಂದೇ ಪುಸ್ತಕಕ್ಕೆ ಏರಿಸಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿರಿ. ಹೊಸ ಸಾಮಾನು ಹಾಕಿದಾಗ ಹಳೆಯದನ್ನು ಕೇಳಿ ತೆಗೆದುಕೊಂಡು ನೋಡಿರಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕನು ತಾನಾಗಿಯೇ ತೋರಿಸುವನು.

ಪೆಟ್ರೋಲಿನ ಲೆಕ್ಕ ಹೇಳುವ ಗುಟ್ಟು

ಬಂಕಿನಲ್ಲಿ ನಳಿಗೆ ತಾನಾಗಿ ನಿಲ್ಲುವವರೆಗೆ ಟಾಕಿ ತುಂಬಿಸಿ ಮೀಟರು ಬರೆದುಕೊಳ್ಳಿರಿ. ಮುಂದಿನ ಸಲ ಅದೇ ರೀತಿ ತುಂಬಿಸಿದಾಗ ಎಷ್ಟು ಲೀಟರು ಹಿಡಿಯಿತು ನೋಡಿ, ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿರಿ. 300 ಕಿಲೋಮೀಟರಿಗೆ 5 ಲೀಟರು ಹಿಡಿದರೆ ಲೀಟರಿಗೆ 60. ಮೂರು ತಿಂಗಳ ಮೇಲೆ ಅದೇ 300ಕ್ಕೆ ಆರೂಕಾಲು ಲೀಟರು ಹಿಡಿದರೆ ಲೀಟರಿಗೆ 48.

ಈಗ ಹಣದ ಲೆಕ್ಕ. ತಿಂಗಳಿಗೆ 800 ಕಿಲೋಮೀಟರು ಓಡುವ ಮನೆಗೆ ಮೊದಲು 13 ಲೀಟರು ಚಿಲ್ಲರೆ ಸಾಕಾಗುತ್ತಿತ್ತು. ಈಗ 16 ಲೀಟರು ಚಿಲ್ಲರೆ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 333 ರೂಪಾಯಿ, ವರ್ಷಕ್ಕೆ ಸುಮಾರು 4,000 ರೂಪಾಯಿ ಹೊಗೆಯಾಗಿ ಹೋದಂತಾಯಿತು. ಕಾರಣವೋ ಬಹಳ ಸಣ್ಣದು: ಟಯರಿನಲ್ಲಿ ಗಾಳಿ ಕಡಿಮೆ, ಚೈನು ಒಣಗಿದೆ, ಬ್ರೇಕು ಹಿಡಿದುಕೊಂಡಿದೆ, ಗಾಳಿಯ ಫಿಲ್ಟರು ಕಟ್ಟಿದೆ, ಇಲ್ಲವೆ ಕ್ಲಚ್ಚು ಜಾರುತ್ತಿದೆ. ಬರೆಯದಿದ್ದವನಿಗೆ "ಪೆಟ್ರೋಲು ಈಗ ಬಹಳ ತಿನ್ನುತ್ತದೆ" ಎಂಬ ಗೊಣಗಾಟ ಮಾತ್ರ ಉಳಿಯುವದು. ಬರೆದವನಿಗೆ ಯಾವ ತಿಂಗಳಿನಿಂದ ಎಂಬದು ಗೊತ್ತಿರುವದು. ಆ ತಿಂಗಳಲ್ಲಿ ಏನಾಯಿತು ಎಂದು ಮೇಲಿನ ಸಾಲುಗಳಲ್ಲಿ ಹುಡುಕಬಲ್ಲನು.

ವರ್ಷದ ಕೆಲಸಗಳ ಪಂಚಾಂಗ

ವಾರಕ್ಕೊಮ್ಮೆ: ಟಯರು ತಣ್ಣಗಿರುವಾಗ ಗಾಳಿ ನೋಡುವದು. ಬ್ರೇಕು, ಹಿಂದಿನ ದೀಪ, ತಿರುವುದೀಪ, ಹಾರನ್ ಪರೀಕ್ಷಿಸುವದು. ಮಳೆಗಾಲದಲ್ಲಿ ಸಿಹಿನೀರಿನಿಂದ ಕೆಸರು, ಉಪ್ಪು ತೊಳೆದು ಒರೆಸುವದು.

500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಮೊದಲು: ಚೈನನ್ನು ಸೀಮೆಎಣ್ಣೆಯಿಂದಲೋ ಚೈನ್ ತೊಳೆಯುವ ದ್ರಾವಣದಿಂದಲೋ ಒರೆಸಿ, ಒಣಗಿಸಿ, ಚೈನಿನ ಎಣ್ಣೆ ಕೊಡುವದು. ಪೆಟ್ರೋಲಿನಿಂದ ತೊಳೆಯಬಾರದು. ಎಂಜಿನು ನಿಲ್ಲಿಸಿಯೇ ಈ ಕೆಲಸ ಮಾಡಬೇಕು. ತಿರುಗುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಚೈನಿನ ಸಡಿಲು ಸಾಮಾನ್ಯವಾಗಿ ಎರಡರಿಂದ ಮೂರು ಸೆಂಟಿಮೀಟರು. ನಿಮ್ಮ ಗಾಡಿಯ ಅಳತೆ ಕೈಪಿಡಿಯಲ್ಲಿರುವದು.

ಮೇ ತಿಂಗಳು, ರೋಹಿಣಿ ಮಳೆ ಹೂಡುವ ಮೊದಲು: ಇದು ವರ್ಷದ ದೊಡ್ಡ ತಪಾಸಣೆ. ಬ್ರೇಕ್ ಶೂ ಅಥವಾ ಪ್ಯಾಡು ಬಿಚ್ಚಿ ನೋಡಿಸುವದು. ಡ್ರಮ್ ಬ್ರೇಕಿನ ಹೊರಗೆ ಬಾಣದ ಗುರುತಿರುವದು. ಬ್ರೇಕು ಒತ್ತಿದಾಗ ಬಾಣ ಕೊನೆಯ ಗೆರೆ ಮುಟ್ಟಿದರೆ ಶೂ ಮುಗಿಯಿತೆಂದೇ ಅರ್ಥ. ಟಯರಿನ ಕಚ್ಚುಗಳ ನಡುವಿನ ಸವೆತದ ಗುರುತು ಮೇಲ್ಮೈಗೆ ಸಮನಾಗಿದ್ದರೆ ಆ ಟಯರಿನಲ್ಲಿ ಮಳೆಗಾಲ ಕಳೆಯಬಾರದು. ಬ್ಯಾಟರಿಯ ತುದಿಗಳನ್ನು ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಸವರುವದು. ಕ್ಲಚ್ಚು, ಬ್ರೇಕುಗಳ ತಂತಿಗಳಿಗೆ ಎಣ್ಣೆ ಬಿಡುವದು.

ಗಣೇಶ ಚೌತಿಯ ಹೊತ್ತಿಗೆ: ಮಳೆಯ ನಡುವೆ ಮತ್ತೊಮ್ಮೆ ಬ್ರೇಕು, ಚೈನು, ದೀಪಗಳ ತಪಾಸಣೆ.

ಆಯುಧಪೂಜೆಯ ಮುನ್ನ: ಗಾಡಿಗೆ ಹೂವು ಏರಿಸುವ ಮೊದಲು ಎಣ್ಣೆಯ ಮಟ್ಟ ನೋಡುವದು, ತುಕ್ಕು ಹಿಡಿದಲ್ಲಿ ಉಜ್ಜಿ ಬಣ್ಣ ಹಚ್ಚುವದು, ಪುಸ್ತಕವನ್ನೂ ಪೂಜೆಗೆ ಇಡುವದು. ಇಟ್ಟ ಮೇಲೆ ಹಿಂದಿನ ವರ್ಷದ ಖರ್ಚನ್ನು ಕೂಡಿಸಿ ಬರೆಯಿರಿ.

ಯುಗಾದಿಯ ಹೊತ್ತಿಗೆ: ಬೇಸಿಗೆಯ ಧೂಳಿನಿಂದ ಗಾಳಿಯ ಫಿಲ್ಟರು ಕಟ್ಟಿರುವದು. ಸ್ಪಂಜಿನ ಫಿಲ್ಟರನ್ನು ತೊಳೆದು ಎಣ್ಣೆ ಹಿಂಡಿ ಹಾಕಬಹುದು. ಎಣ್ಣೆ ಸವರಿದ ಕಾಗದದ ಫಿಲ್ಟರನ್ನು ಮಾತ್ರ ಗಾಳಿ ಹೊಡೆದು ಸ್ವಚ್ಛ ಮಾಡಬಾರದು. ಅವಧಿಗೆ ಬದಲಿಸುವದೇ ಸರಿ. ಡಿಸ್ಕ್ ಬ್ರೇಕಿನ ದ್ರವ ಹಾಕಿ ಎರಡು ವರ್ಷವಾಗಿದೆಯೇ ಎಂದು ಪುಸ್ತಕದಲ್ಲಿ ನೋಡಿರಿ. ಆ ದ್ರವ ಗಾಳಿಯಲ್ಲಿಯ ನೀರನ್ನು ಹೀರುವದು. ಘಟ್ಟ ಇಳಿಯುವಾಗ ಬ್ರೇಕು ಕಾದರೆ ಆ ನೀರು ಆವಿಯಾಗಿ, ಒತ್ತಿದ ಹಿಡಿ ಹಗುರಾಗಿ ಒಳಗೆ ಹೋಗುವದು, ಗಾಡಿ ನಿಲ್ಲುವದಿಲ್ಲ. ದೇವಿಮನೆಯ ತಿರುವಿನಲ್ಲಿ ಅದನ್ನು ಕಲಿಯುವದು ಬೇಡ.

ನೀರಿನ ಬಗ್ಗೆ ವಿಶೇಷ ಮಾತು

2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಭಾರೀ ಮಳೆ ಸುರಿದು ಪೇಟೆಗೂ ಮನೆಗಳಿಗೂ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಗುಂಡಬಾಳ ನದಿ ಉಕ್ಕಿದಾಗ ಅದರ ದಡದ ಊರುಗಳಲ್ಲಿಯೂ ಹೀಗೆಯೇ. ಗಾಡಿ ನೀರಿನಲ್ಲಿ ಮುಳುಗಿದ್ದರೆ ನೀರು ಇಳಿದ ಕೂಡಲೆ ಚಾಲು ಮಾಡಬೇಡಿರಿ. ಎಂಜಿನಿನ ಒಳಗೆ ನೀರು ಸೇರಿದ್ದರೆ ಒತ್ತಡಕ್ಕೆ ಒಳಗಿನ ದಂಡ ಬಾಗಬಹುದು. ಮೊದಲು ಮೆಕ್ಯಾನಿಕನಿಗೆ ತೋರಿಸಿ ಎಣ್ಣೆ, ಫಿಲ್ಟರು ಬದಲಿಸಿರಿ. ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆಯೆಂದು ತಿಳಿಯಿರಿ. ಹಳ್ಳ ದಾಟಿ ಬಂದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಒಣಗಿಸಿಕೊಂಡೇ ವೇಗ ಹೆಚ್ಚಿಸಿರಿ.

ಪೆಟ್ರೋಲಿನ ಟಾಕಿಗೂ ನೀರಿನ ಭಯವಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಇಥೆನಾಲ್ ಬೆರೆತು ಬರತೊಡಗಿತು. ಇಥೆನಾಲ್ ನೀರನ್ನು ಎಳೆದುಕೊಳ್ಳುವದು; ನೀರು ಹೆಚ್ಚಾದರೆ ಎರಡೂ ಕೂಡಿ ಟಾಕಿಯ ತಳಕ್ಕೆ ಇಳಿಯುವವು, ಗಾಡಿ ಚಾಲು ಆಗುವದಿಲ್ಲ. ಆದ್ದರಿಂದ ಮುಚ್ಚಳದ ರಬ್ಬರು ಸರಿಯಿರಲಿ, ಗಾಡಿ ಮಾಡಿನ ಕೆಳಗಿರಲಿ, ಮಳೆಗಾಲದಲ್ಲಿ ವಾರಗಟ್ಟಲೆ ಖಾಲಿ ಟಾಕಿಯಲ್ಲಿ ನಿಲ್ಲಿಸಬೇಡಿರಿ. ಹಳೆಯ ಗಾಡಿಗಳಲ್ಲಿ ಪೆಟ್ರೋಲಿನ ರಬ್ಬರು ನಳಿಗೆ ಬಿರಿದಿದೆಯೇ ಎಂದು ಮೇ ತಿಂಗಳ ತಪಾಸಣೆಯಲ್ಲಿ ನೋಡಿಸಿರಿ.

ಎರಡನೆಯ ಪುಟ: ಕಾಗದಪತ್ರಗಳು

ನೋಂದಣಿ ಪತ್ರ: ಹೊಸ ಮೋಟಾರ್ ಸೈಕಲಿನ ನೋಂದಣಿ 15 ವರ್ಷಕ್ಕೆ. ಆ ಮೇಲೆ ಗಾಡಿಯನ್ನು ತೋರಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕೆಎ-47ರ ಗಾಡಿಯವರಿಗೆ ಇದರ ಕಚೇರಿ ಹೊನ್ನಾವರದಲ್ಲಿಯೇ ಇದೆ.

ಹೊಗೆ ತಪಾಸಣೆ ಪತ್ರ: ಹೊಸ ಗಾಡಿಗೆ ಮೊದಲ ವರ್ಷ ಬೇಡ. ಆ ಮೇಲೆ ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ.

ವಿಮೆ: ಇಲ್ಲಿ ಬಹಳ ಜನ ಎಡವುವರು. 2018ರ ಸೆಪ್ಟೆಂಬರ್ 1ರಿಂದ ಹೊಸ ಮೋಟಾರ್ ಸೈಕಲಿಗೆ ಐದು ವರ್ಷದ ವಿಮೆ ಕಡ್ಡಾಯವಾಯಿತು. ಆದರೆ ಆ ಐದು ವರ್ಷ ಇರುವದು ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ. ನಿಮ್ಮ ಗಾಡಿಯೇ ಕಳವಾದರೆ, ನೆರೆಯಲ್ಲಿ ಮುಳುಗಿದರೆ, ಮರ ಬಿದ್ದು ಜಜ್ಜಿದರೆ ಸಿಗುವ ಭಾಗ ಹಲವರ ಪತ್ರಗಳಲ್ಲಿ ಒಂದೇ ವರ್ಷದ್ದು. ನಿಮ್ಮ ಪತ್ರ ತೆರೆದು ಎರಡು ದಿನಾಂಕಗಳನ್ನೂ ಬೇರೆ ಬೇರೆಯಾಗಿ ಪುಸ್ತಕದಲ್ಲಿ ಬರೆಯಿರಿ. ಈ ಸ್ವಂತ ಹಾನಿಯ ಭಾಗ ಮುಗಿದು 90 ದಿನ ದಾಟಿದರೆ, ಪರಿಹಾರ ಕೇಳದವರಿಗೆ ಸಿಗುವ ರಿಯಾಯಿತಿಯೂ ಹೋಗುವದು.

ಪುಸ್ತಕ ಯಾರ ಕೈಯಲ್ಲಿ?

ಓಡಿಸುವವರೇ ಬರೆಯಬೇಕೆಂಬ ನಿಯಮವಿಲ್ಲ. ಮನೆಯೊಡತಿಯೋ ಶಾಲೆಗೆ ಹೋಗುವ ಮಗಳೋ ಭಾನುವಾರ ಸಂಜೆ ಮೀಟರು ನೋಡಿ ಬರೆಯಲಿ. ಆ ಗಾಡಿಯ ಹಿಂದೆ ಕೂತು ಘಟ್ಟ ಇಳಿಯುವವರೂ ಅವರೇ. ಬ್ರೇಕಿನ ಲೆಕ್ಕ ಕೇಳುವ ಹಕ್ಕು ಅವರಿಗೂ ಇದೆ. ಪುಸ್ತಕವನ್ನು ಗಾಡಿಯ ಪೆಟ್ಟಿಗೆಯಲ್ಲಿ ಇಡಬೇಡಿರಿ; ಮಳೆಗೆ ನೆನೆಯುವದು. ಗಾಡಿಯ ಬೀಗ ತೂಗುವ ಮೊಳೆಗೇ ಅದನ್ನೂ ತೂಗಹಾಕಿರಿ. ಕೈ ಹೋದಾಗಲೆಲ್ಲ ಕಣ್ಣಿಗೆ ಬೀಳುವದು.

ಗಾಡಿ ಮಾರುವ ದಿನವೂ ಈ ಪುಸ್ತಕ ಕೆಲಸಕ್ಕೆ ಬರುವದು. ಕೊಳ್ಳುವವನಿಗೆ ನಿಮ್ಮ ಬಾಯಿಮಾತಿಗಿಂತ ಐದು ವರ್ಷದ ಸಾಲುಗಳ ಮೇಲೆ ನಂಬಿಕೆ ಹೆಚ್ಚು. ವಿದ್ಯುತ್ ಸ್ಕೂಟರ್ ಕೊಂಡವರಿಗೆ ಎಂಜಿನ್ ಎಣ್ಣೆಯ ಕಲಮು ಬೇಡವಾದರೂ ಬ್ರೇಕು, ಟಯರು, ವಿಮೆಗಳ ಕಲಮು ತಪ್ಪುವದಿಲ್ಲ. ಇದೇ ಪುಸ್ತಕದ ಕೊನೆಯ ಪುಟಗಳಲ್ಲಿ ಪಂಪುಸೆಟ್ಟಿಗೂ, ಮದ್ದು ಹೊಡೆಯುವ ಯಂತ್ರಕ್ಕೂ, ಹುಲ್ಲು ಕತ್ತರಿಸುವ ಯಂತ್ರಕ್ಕೂ ಎರಡೆರಡು ಪುಟ ಬಿಡಿರಿ.

ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಗಾಡಿಯ ಎಣ್ಣೆ ಬದಲಿಸಿದ ದಿನ ಯಾವದು? ಆಗ ಮೀಟರು ಎಷ್ಟಿತ್ತು?
2. ಬ್ರೇಕ್ ಶೂವನ್ನು ಬಿಚ್ಚಿ ನೋಡಿ ಎಷ್ಟು ದಿನವಾಯಿತು?
3. ನಮ್ಮ ಗಾಡಿ ಈಗ ಲೀಟರಿಗೆ ಎಷ್ಟು ಓಡುತ್ತದೆ?
4. ವಿಮೆಯ ಎರಡು ದಿನಾಂಕಗಳು ಯಾವವು?
5. ಟಯರಿಗೆ ಹಾಕಬೇಕಾದ ಗಾಳಿ ಎಷ್ಟು?

ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ನಿಮ್ಮ ಪುಸ್ತಕದ ಮೊದಲ ಸಾಲು. ಇಂದೇ ಮೀಟರು ನೋಡಿ, ದಿನಾಂಕ ಹಾಕಿ, "ಇಂದಿನಿಂದ ಲೆಕ್ಕ ಆರಂಭ" ಎಂದು ಬರೆಯಿರಿ. ಹಿಂದಿನದು ತಿಳಿಯದಿದ್ದರೆ ಒಮ್ಮೆ ಎಣ್ಣೆ ಬದಲಿಸಿ, ಬ್ರೇಕು ಬಿಚ್ಚಿ ನೋಡಿಸಿ, ಅಲ್ಲಿಂದ ಎಣಿಸತೊಡಗಿರಿ. ಬ್ರೇಕಿನ ತಪಾಸಣೆ ಆಗುವವರೆಗೆ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯಬೇಡಿರಿ.